ರೊಟ್ಟಿ ಹಂಚಿನಿಂದ ಮೆಕ್ಸಿಕೊ ಬಯಲಿಗೆ

ಬಿಳಿಚೋಡಿನ ಬೆದ್ದಲು ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳದ ತವರು ಮೆಕ್ಸಿಕೊ. ಆ ನಾಡಿನಿಂದ ಕಾಳಿನ ಹಾಗೆಯೇ ಕತೆಗಳೂ ಕನ್ನಡಕ್ಕೆ ಬಂದಿವೆ ಎಂಬುದು ಅನೇಕ ವಿದ್ಯಾರ್ಥಿಗಳಿಗೆ ತಿಳಿದಿರಲಾರದು.

ಹುವಾನ್ ರುಲ್ಫೊ (1917–1986) ಮೆಕ್ಸಿಕೊದ ಹಾಲಿಸ್ಕೊ ಪ್ರಾಂತ್ಯದವರು. ಹತ್ತು ವರ್ಷ ತುಂಬುವುದರೊಳಗೆ ತಂದೆ ಕೊಲೆಯಾದರು, ಬಳಿಕ ತಾಯಿಯೂ ತೀರಿಕೊಂಡರು. ಬೆಳೆದದ್ದು ಅನಾಥಾಲಯದಲ್ಲಿ. ಟೈರ್ ಕಂಪನಿಯ ಮಾರಾಟಗಾರರಾಗಿ ಊರೂರು ಸುತ್ತಿದರು. 1953ರಲ್ಲಿ ಒಂದು ಕಥಾಸಂಕಲನ, 1955ರಲ್ಲಿ ಒಂದು ಕಿರು ಕಾದಂಬರಿ: ಇವೆರಡರ ಮೇಲೆ ಅವರ ಕೀರ್ತಿ ನಿಂತಿದೆ. 1982ರಲ್ಲಿ ನೊಬೆಲ್ ಪಡೆದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ತಮಗೆ ದಾರಿ ತೋರಿದವರಲ್ಲಿ ರುಲ್ಫೊ ಅವರನ್ನು ನೆನೆದಿದ್ದಾರೆ. ರುಲ್ಫೊ ಅವರನ್ನು ಓ.ಎಲ್. ನಾಗಭೂಷಣಸ್ವಾಮಿ, ಮಾರ್ಕ್ವೆಜ್ ಅವರ ದೊಡ್ಡ ಕಾದಂಬರಿಯನ್ನು ಎ.ಎನ್. ಪ್ರಸನ್ನ ಕನ್ನಡಕ್ಕೆ ತಂದಿದ್ದಾರೆ.

ರುಲ್ಫೊ ಅವರ ಒಂದು ಕತೆಯಲ್ಲಿ ಸರ್ಕಾರ ಬಡ ರೈತರಿಗೆ ಭೂಮಿ ಹಂಚುತ್ತದೆ. ಅವರು ಕೇಳಿದ್ದು ಹೊಳೆದಂಡೆಯ ಜಮೀನು. ಸಿಕ್ಕಿದ್ದು ನೀರಿಲ್ಲದ ಬರಡು ಬಯಲು. ತಕರಾರಿದ್ದರೆ ಬರೆದು ಕೊಡಿ ಎನ್ನುತ್ತಾನೆ ಅಧಿಕಾರಿ. ನಡೆಯುತ್ತಿದ್ದವರ ಮುಂದೆ ಒಂದೇ ಒಂದು ಮಳೆಹನಿ ಬಿದ್ದು ಇಂಗುತ್ತದೆ. ಮೋಡ ನೋಡಿಯೇ ಬಿತ್ತನೆಗೆ ಇಳಿಯುವ ಜಗಳೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಬಯಲನ್ನು ಲೇಖಕರು ಕಾದ 'ಕೊಮಾಲ್'ಗೆ ಹೋಲಿಸುತ್ತಾರೆ. ಮೆಕ್ಕೆಜೋಳದ ರೊಟ್ಟಿ ಸುಡುವ ಹೆಂಚು ಅದು. ಇಂಗ್ಲಿಷ್ ಓದುಗನಿಗೆ ಅದಕ್ಕೆ ವಿವರಣೆ ಬೇಕಾದೀತು. ಬಿಳಿಚೋಡಿನ ಹುಡುಗಿಗೆ 'ರೊಟ್ಟಿ ಹಂಚು' ಎಂದರೆ ಸಾಕು. ಸಾಹಿತ್ಯದ ಅಧ್ಯಯನವೆಂದರೆ ಇಂಥದೇ ಕೆಲಸ: ಪದ ಯಾವ ಅಡುಗೆಮನೆಯಿಂದ, ಯಾವ ಹೊಲದಿಂದ ಬಂತೆಂದು ಹುಡುಕುವುದು, ಆ ಕಾಲದ ಭೂಸುಧಾರಣೆಯ ಚರಿತ್ರೆ ಓದುವುದು, ಲೇಖಕ ಹೇಳದೆ ಬಿಟ್ಟದ್ದನ್ನು ಗುರುತಿಸುವುದು.

ಕನ್ನಡಕ್ಕೆ ಬಂದ ಸ್ಪ್ಯಾನಿಷ್ ಕೃತಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ದಾಟಿ ಬಂದಂಥವು. ಎರಡು ಸಲ ಸೋಸಿದ ಮೇಲೆ ಸ್ವಲ್ಪ ಸೊಗಡು ಹೋಗಿಯೇ ಹೋಗುತ್ತದೆ. ಎರಡೂ ಭಾಷೆ ಬಲ್ಲವರು ಕನ್ನಡಕ್ಕೆ ಬೇಕಾಗಿದ್ದಾರೆ.

'ಇದನ್ನು ಓದಿದರೆ ಹೊಟ್ಟೆಗೇನು?' ಎಂದು ಪಾಲಕರು ಕೇಳುವುದು ಸಹಜ. ಸುಮಾರು 20 ದೇಶಗಳ ಆಡಳಿತ ಭಾಷೆ ಸ್ಪ್ಯಾನಿಷ್. ಅನುವಾದ, ಬೋಧನೆ, ಪ್ರವಾಸೋದ್ಯಮ, ವಿದೇಶಿ ವ್ಯವಹಾರದ ಕಂಪನಿಗಳಲ್ಲಿ ಅದನ್ನು ಬಲ್ಲವರಿಗೆ ಕೆಲಸವಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಗಳಲ್ಲಿ ಪಿಯುಸಿ ಮುಗಿಸಿದವರು ಸ್ಪ್ಯಾನಿಷ್ ಪದವಿ ಓದಬಹುದು. ಪ್ರವೇಶ ಪರೀಕ್ಷೆ ಬರೆಯಬೇಕು. ಆದರೆ ಸಂಶೋಧನೆಯ ಹಾದಿ ದೀರ್ಘ. ಆಸಕ್ತಿಯಿಲ್ಲದ ಮಗುವನ್ನು ಬಲವಂತವಾಗಿ ಕಳುಹಿಸಿದರೆ ಫಲವಿಲ್ಲ.

ಮೊದಲು ಗ್ರಂಥಾಲಯದಲ್ಲಿ ಕನ್ನಡ ಅನುವಾದ ಹುಡುಕಿ ಓದಲಿ. ಒಂದು ಕತೆಯನ್ನು ಮನೆಯ ಹಿರಿಯರಿಗೂ ಓದಿ ಹೇಳಲಿ. ಬರಗಾಲ ಕಂಡ ಅಜ್ಜ ಆ ಮಳೆಹನಿಯ ಬಗ್ಗೆ ಏನು ಹೇಳುತ್ತಾರೋ, ಅಧ್ಯಯನ ಅಲ್ಲಿಂದಲೇ ಶುರುವಾಗಬಹುದು.