ಈ ವಚನ ಬಸವಣ್ಣನವರದೇ? ತಿಳಿಯುವುದು ಹೇಗೆ

ಬಸವ ಜಯಂತಿ ಬಂತೆಂದರೆ ಸುರೇಬಾನ, ರಾಮದುರ್ಗದ ಮೊಬೈಲುಗಳಲ್ಲಿ ವಚನಗಳದೇ ಸುಗ್ಗಿ. ಬಸವಣ್ಣನವರ ಹೆಸರು ಹೊತ್ತು ಬಂದವೆಲ್ಲ ಅವರವೇ ಆಗಿರುವುದಿಲ್ಲ. ಹಾಗಾದರೆ ಯಾವುದು ಅವರದು ಎಂದು ಗೊತ್ತು ಮಾಡಿದವರು ಯಾರು?

ಶರಣರು ತಾವೇ ಕೂಡಿಸಿಟ್ಟ ಒಂದು ಗ್ರಂಥ ನಮ್ಮ ಕೈಗೆ ಬಂದಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಗದ್ದಲವಾದ ಮೇಲೆ ಅವರು ದಿಕ್ಕುದಿಕ್ಕಿಗೆ ಚದುರಿದರು. ಗಂಗಾಂಬಿಕೆಯ ಐಕ್ಯಸ್ಥಳವೆಂದು ನಾವು ಕೈಮುಗಿಯುವ ಎಂ.ಕೆ. ಹುಬ್ಬಳ್ಳಿ, ಡೋಹರ ಕಕ್ಕಯ್ಯನವರ ಕಕ್ಕೇರಿ ಎರಡೂ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇವೆ. ವಚನಗಳು ಜನರ ಬಾಯಲ್ಲಿ, ಮಠ ಮನೆಗಳ ತಾಡೋಲೆ ಕಟ್ಟುಗಳಲ್ಲಿ ಉಳಿದವು. 15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದೀಚೆಗೆ, ವಿರಕ್ತರು ಅವನ್ನು ಹುಡುಕಿ, ಆರಿಸಿ, ಜೋಡಿಸತೊಡಗಿದರು. ಶಿವಗಣಪ್ರಸಾದಿ ಮಹದೇವಯ್ಯ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆ ಹುಟ್ಟಿದ್ದು ಆಗಲೇ. ಮುಂದೆ ಅದನ್ನು ಇನ್ನೂ ಮೂವರು ತಿದ್ದಿ ಬೆಳೆಸಿದರು. ಒಟ್ಟು ನಾಲ್ಕು ಶೂನ್ಯಸಂಪಾದನೆಗಳು ಇರುವುದು ಅದಕ್ಕೇ.

ಆರಿಸುವಾಗ ಮೊದಲು ನೋಡುವುದು ಅಂಕಿತ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರಿನ ಮುದ್ರೆ. ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿ. ಇಲ್ಲಿ ಕಣ್ಣು ತಪ್ಪುವುದು ಸುಲಭ. ಕೂಡಲಸಂಗಮದೇವ ಬಸವಣ್ಣನವರದು, ಕೂಡಲಚೆನ್ನಸಂಗಮದೇವ ಚೆನ್ನಬಸವಣ್ಣನವರದು. ಓಲೆ ಕೊರೆಯುವವನು ‘ಚೆನ್ನ’ ಬಿಟ್ಟರೆ ಸಾಕು, ಅಳಿಯನ ವಚನ ಸೋದರಮಾವನ ಪಾಲಿಗೆ ಹೋಗುತ್ತದೆ.

ಅಂಕಿತವನ್ನು ಯಾರು ಬೇಕಾದರೂ ಹಾಕಬಹುದಲ್ಲ ಎಂದು ನೀವು ಕೇಳಬಹುದು. ನಿಜ, ಹಾಕಿದವರೂ ಇದ್ದಾರೆ. ಅದಕ್ಕಾಗಿಯೇ ವಿದ್ವಾಂಸರು ಒಂದೇ ಕಟ್ಟನ್ನು ನೆಚ್ಚುವುದಿಲ್ಲ. ಬೇರೆ ಬೇರೆ ಊರುಗಳ ಪ್ರತಿಗಳನ್ನು ಮಗ್ಗುಲಲ್ಲಿಟ್ಟು ಸಾಲುಸಾಲಾಗಿ ಹೋಲಿಸುತ್ತಾರೆ. ಪದ ಬೇರೆಯಾದ ಕಡೆ ‘ಪಾಠಾಂತರ’ ಎಂದು ಗುರುತಿಸುತ್ತಾರೆ. ಹಿಂದಿನ ಯಾವ ಪ್ರತಿಯಲ್ಲೂ ಕಾಣದೆ ತಡವಾಗಿ ಕಾಣಿಸಿಕೊಂಡದ್ದನ್ನು ‘ಪ್ರಕ್ಷಿಪ್ತ’, ಅಂದರೆ ನಡುವೆ ಸೇರಿಸಿದ್ದು, ಎಂದು ಅನುಮಾನಿಸುತ್ತಾರೆ.

ಈ ಕೆಲಸಕ್ಕೆ ಟೊಂಕ ಕಟ್ಟಿ ನಿಂತವರು ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ. ಮನೆಮನೆ ತಿರುಗಿ ಓಲೆ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಆಮೇಲೆ ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯ ಹಾಕಿ, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಅವರು ಇಲ್ಲದಿದ್ದರೆ ಎಷ್ಟೋ ಕಟ್ಟುಗಳು ಹುಳುವಿನ ಪಾಲಾಗುತ್ತಿದ್ದವು. ಅವರ ಋಣ ನಮ್ಮ ಮೇಲೆ ದೊಡ್ಡದು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಇಂದು ನೆಚ್ಚಬೇಕಾದದ್ದು ಅದನ್ನೇ.

ಯಾವುದು ಸೇರಬೇಕು, ಯಾವುದು ಬೇಡ ಎಂಬ ಇಂಥ ಪ್ರಶ್ನೆ ನಮಗಷ್ಟೇ ಬಂದದ್ದಲ್ಲ. ಕ್ರೈಸ್ತರ ಹೊಸ ಒಡಂಬಡಿಕೆಯೂ ಒಂದೇ ದಿನಕ್ಕೆ ಗೊತ್ತಾದದ್ದಲ್ಲ. 325ರ ನೈಸಿಯಾ ಸಭೆಯೇ ಗೊತ್ತು ಮಾಡಿತು ಎಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಯೇಸುವಿನ ಶಿಷ್ಯರ ಕಾಲಕ್ಕೆ ಸೇರಿದ್ದೇ, ಎಲ್ಲ ಊರ ಸಭೆಗಳಲ್ಲಿ ಓದುತ್ತಾರೆಯೇ ಎಂದು ನೋಡುತ್ತ ತಲೆಮಾರುಗಳು ಕಳೆದವು. ಈಗಿರುವ 27 ಪುಸ್ತಕಗಳ ಪಟ್ಟಿ ಮೊದಲು ಸಿಗುವುದು ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ.

ನಮ್ಮಲ್ಲಿ ಒಂದು ವಿಷಯ ಕೋರ್ಟಿನವರೆಗೂ ಹೋಯಿತು. ಲಿಂಗಾಯತ ಧರ್ಮಗುರು ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಹಾಕಿದ್ದರು. 1998ರಲ್ಲಿ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕದ ಮೇಲೆ ನಿಷೇಧ ಬೇಕಿತ್ತೇ ಎಂಬುದು ಬೇರೆ ಮಾತು. ಅಂಕಿತ ಬದಲಿಸಬಾರದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ವಚನದ ಮಾತು. ಅದರಲ್ಲಿ ಅಂಕಿತವಿದೆಯೇ ನೋಡಿ. ಇಲ್ಲದಿದ್ದರೆ ವೇದಿಕೆಯ ಮೇಲೆ ಓದಬೇಡಿ. ಅಂಕಿತವಿದ್ದರೆ ‘ವಚನ ಸಂಚಯ’ ಎಂಬ ಜಾಲತಾಣ ತೆರೆದು ವಚನದ ಒಂದು ಅಪರೂಪದ ಪದವನ್ನು ಸರ್ಚ್ ಮಾಡಿ, ಅಂದರೆ ಹುಡುಕಿ. ದುಡ್ಡು ಕೊಡಬೇಕಿಲ್ಲ. ಮೊದಲ ಸಾಲನ್ನು ಹಾಕಬೇಡಿ, ಅಕ್ಷರ ತುಸು ಬೇರೆಯಾದರೂ ಸಿಗದೆ ಹೋಗಬಹುದು. ಅಲ್ಲಿ ಕಾಣದಿದ್ದರೆ ಗ್ರಂಥಾಲಯದಲ್ಲಿ ಸಮಗ್ರ ಸಂಪುಟ ಕೇಳಿ, ಕುಳಿತು ಓದಲು ಖರ್ಚಿಲ್ಲ. ಮನೆಗೆ ಬೇಕೆಂದರೆ 15 ಸಂಪುಟಗಳನ್ನೂ ಕೊಳ್ಳಬೇಕಿಲ್ಲ, ಬಸವಣ್ಣನವರ ಒಂದನೇ ಸಂಪುಟದಿಂದ ಶುರುಮಾಡಿ. ಗದಗಿನ ತೋಂಟದಾರ್ಯ ಮಠದ ಪ್ರಕಟಣೆಗಳಲ್ಲೂ ಶರಣ ಸಾಹಿತ್ಯದ ಒಳ್ಳೆಯ ಪುಸ್ತಕಗಳು ಸಿಗುತ್ತವೆ.