ಎಂಟರ್ ಒತ್ತಿದರೆ ಏನಾಗಬೇಕು?

2008ರ ಆರಂಭದಲ್ಲಿ ಪಿಡ್ಜಿನ್ ಎಂಬ ಚಾಟ್ ತಂತ್ರಾಂಶದ ಬಳಕೆದಾರರು ಅದನ್ನು ಬರೆದವರ ಮೇಲೆಯೇ ತಿರುಗಿಬಿದ್ದರು. ಕಾರಣ ಕೇಳಿದರೆ ನಗು ಬರುತ್ತದೆ: ಸಂದೇಶ ಟೈಪ್ ಮಾಡುವ ಪೆಟ್ಟಿಗೆಯ ಎತ್ತರ. ಅಲ್ಲಿಯವರೆಗೆ ಪೆಟ್ಟಿಗೆಯ ಅಂಚನ್ನು ಮೌಸ್‌ನಿಂದ ಹಿಡಿದೆಳೆದು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಿತ್ತು. 2.4ನೇ ಆವೃತ್ತಿಯಲ್ಲಿ ಆ ಸೌಲಭ್ಯ ಮಾಯವಾಯಿತು. ನೀವು ಟೈಪ್ ಮಾಡುತ್ತಾ ಹೋದಂತೆ ಪೆಟ್ಟಿಗೆ ತಾನಾಗಿ ಬೆಳೆಯುತ್ತದೆ, ಕಳಿಸಿದ ಮೇಲೆ ತಾನಾಗಿ ಕುಗ್ಗುತ್ತದೆ, ನೀವೇಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂಬುದು ತಂತ್ರಾಂಶ ಬರೆದವರ ನಿಲುವು. ಹಳೆಯದನ್ನೂ ಒಂದು ಆಯ್ಕೆಯಾಗಿ ಉಳಿಸಿ ಎಂದವರಿಗೆ, ಇಲ್ಲ, ಹೀಗಿರುವುದೇ ಸರಿ ಎಂಬ ಉತ್ತರ ಸಿಕ್ಕಿತು.

ಇದು ಮುಕ್ತ ತಂತ್ರಾಂಶ. ಸಿಟ್ಟು ಬಂದವರಿಗೆ ಮೂಲ ಸಂಕೇತವನ್ನೇ ಎತ್ತಿಕೊಂಡು ಬೇರೆ ಮನೆ ಮಾಡುವ ಹಕ್ಕಿದೆ. ಹಾಗೆಯೇ ಆಯಿತು. ಬೇರೆಯಾದವರು ತಮ್ಮದಕ್ಕೆ ಫನ್‌ಪಿಡ್ಜಿನ್ ಎಂದು ಹೆಸರಿಟ್ಟು, ಅದೇ ವರ್ಷ ಕ್ಯಾರಿಯರ್ ಎಂದು ಬದಲಿಸಿಕೊಂಡರು. ಈ ಹೊಸ ಮನೆ ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಪಿಡ್ಜಿನ್‌ನ ಸೆಟ್ಟಿಂಗ್ಸ್‌ನಲ್ಲಿ ಟೈಪ್ ಮಾಡುವ ಜಾಗ ಕನಿಷ್ಠ ಎಷ್ಟು ಸಾಲು ಇರಬೇಕು ಎಂದು ನಮೂದಿಸುವ ಪುಟ್ಟ ಖಾನೆಯೊಂದು ಬಂದು ಕೂತಿತು. ಪಟ್ಟು ಹಿಡಿದವರಿಗೆ ಸಿಕ್ಕಿದ್ದು ಅಷ್ಟು.

ತಂತ್ರಾಂಶದವರನ್ನು ಬರೀ ಹಟಮಾರಿಗಳು ಎಂದು ತಳ್ಳಿಹಾಕುವಂತಿಲ್ಲ. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಕಟ್ಟಿದವರಲ್ಲಿ ಒಬ್ಬರಾದ ಹ್ಯಾವಕ್ ಪೆನ್ನಿಂಗ್ಟನ್ 2002ರಲ್ಲೇ ಒಂದು ಪ್ರಬಂಧದಲ್ಲಿ ವಾದಿಸಿದ್ದರು: ಪ್ರತಿ ಆಯ್ಕೆಗೂ ಒಂದು ಬೆಲೆಯಿದೆ. ಹೌದು–ಇಲ್ಲ ಎಂಬ ಒಂದು ಗುಂಡಿ ಸೇರಿದರೆ ಪರೀಕ್ಷಿಸಬೇಕಾದ ಸಂದರ್ಭಗಳು ಇಮ್ಮಡಿ. ಹತ್ತು ಸೇರಿದರೆ ಸಾವಿರ ದಾಟುತ್ತವೆ. ಬಳಕೆದಾರ ಗುಂಡಿಗಳ ಕಾಡಿನಲ್ಲಿ ಕಳೆದುಹೋಗುತ್ತಾನೆ. ನಿರ್ಧರಿಸಲಾಗದ ತಂಡ ‘ಎರಡನ್ನೂ ಇಡೋಣ’ ಎಂದು ಜಾರಿಕೊಳ್ಳುವುದೂ ಉಂಟು. ವಾದ ಒಪ್ಪುವಂಥದ್ದೇ. ಆದರೆ ಒತ್ತಕ್ಷರವೇ ಇಲ್ಲದ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಳತೆ ಮಾಡಿದ ಪೆಟ್ಟಿಗೆಯಲ್ಲಿ ‘ಸ್ವಾತಂತ್ರ್ಯ’ ಎಂದು ಟೈಪಿಸಿ, ಅಕ್ಷರದ ಕಾಲುಗಳು ಕತ್ತರಿಸಿಹೋಗಿದ್ದನ್ನು ನೋಡಿದವರಿಗೆ ಎತ್ತರದ ಜಗಳ ಅಷ್ಟು ಕ್ಷುಲ್ಲಕ ಅನ್ನಿಸುವುದಿಲ್ಲ.

ಪಿಡ್ಜಿನ್ ಹುಟ್ಟಿದ್ದೂ ಬೇರೆಯವರ ಕಿಟಕಿಯನ್ನು ತನಗೆ ಬೇಕಾದಂತೆ ತೆರೆಯಬೇಕೆಂಬ ಆಸೆಯಿಂದ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಕ್ ಸ್ಪೆನ್ಸರ್, ಎಒಎಲ್‌ನ ಚಾಟ್ ಸೇವೆಯನ್ನು ಲಿನಕ್ಸ್‌ನಲ್ಲೂ ಬಳಸುವಂತಾಗಲಿ ಎಂದು 1998ರಲ್ಲಿ ಬರೆದ ಗೈಮ್ ಅದರ ಮೊದಲ ರೂಪ. ಹೆಸರಿನ ಬಗ್ಗೆ ಎಒಎಲ್ ತಕರಾರು ತೆಗೆದು, 2007ರಲ್ಲಿ ರಾಜಿಯಾಗಿ ಅದು ಪಿಡ್ಜಿನ್ ಆಯಿತು. ಯಾಹೂ, ಎಂಎಸ್‌ಎನ್, ಐಸಿಕ್ಯೂ, ಗೂಗಲ್ ಟಾಕ್ ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ತೆರೆಯಬಹುದಾಗಿದ್ದ ಕಾಲ ಅದು. ಪಿಡ್ಜಿನ್‌ಗೆ ಕನ್ನಡ ಅನುವಾದವೂ ಇದೆ.

ಇದೇ ಪಿಡ್ಜಿನ್‌ನಲ್ಲಿ ಯಾರೂ ಜಗಳವಾಡದ ಇನ್ನೊಂದು ಆಯ್ಕೆ ಇತ್ತು. ನನ್ನ ಮಟ್ಟಿಗೆ ನಿಜವಾಗಿ ಬೆಲೆಬಾಳುವುದು ಅದೇ. ನೀವು ಸುಮ್ಮನಿದ್ದೀರಿ ಎಂದು ಗೆಳೆಯರಿಗೆ ಯಾವಾಗ ತಿಳಿಸಬೇಕು? ಕೀಲಿಮಣೆ, ಮೌಸ್ ಅಲುಗದಿದ್ದಾಗಲೋ, ಕೊನೆಯ ಸಂದೇಶ ಕಳಿಸಿ ಹೊತ್ತಾದ ಮೇಲೋ, ಅಥವಾ ಎಂದೂ ಬೇಡವೋ? ಮೂರರಲ್ಲಿ ಒಂದನ್ನು ಆರಿಸುವವರು ನೀವೇ. ಪೆಟ್ಟಿಗೆಯ ಎತ್ತರಕ್ಕೆ ಜಿಪುಣತನ ಮಾಡಿದವರು ಇಲ್ಲಿ ಧಾರಾಳಿಗಳಾಗಿದ್ದರು.

ಇಂದಿನ ಕಚೇರಿ ಚಾಟ್‌ಗಳಲ್ಲಿ ಲೆಕ್ಕ ತಿರುವುಮುರುವು. ಬಣ್ಣ ಬೇಕೆ, ಕಪ್ಪು ಹಿನ್ನೆಲೆ ಬೇಕೆ, ನಗುವ ಮುಖಗಳ ಮೈಬಣ್ಣ ಬೇಕೆ, ಎಲ್ಲ ಉಂಟು. ಆದರೆ ಮೈಕ್ರೊಸಾಫ್ಟ್ ಟೀಮ್ಸ್‌ನಲ್ಲಿ ಕಂಪ್ಯೂಟರ್ ಐದು ನಿಮಿಷ ಅಲುಗದೆ ಇದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತದೆ. ಆ ಐದನ್ನು ಹದಿನೈದು ಮಾಡಿಕೊಳ್ಳುವ ಗುಂಡಿ ಬಳಕೆದಾರರಿಗಿಲ್ಲ. ಕಾಗದದ ಮೇಲೆ ಪೆನ್ನು ಹಿಡಿದು ಲೆಕ್ಕ ಬಿಡಿಸುತ್ತಿದ್ದವರೂ ಗೈರುಹಾಜರಿ. ಮೌಸನ್ನು ತಾನಾಗಿ ಅಲುಗಿಸುತ್ತಾ ಕೂರುವ ಪುಟ್ಟ ಯಂತ್ರಗಳು ಅಂಗಡಿಗೆ ಬಂದದ್ದಕ್ಕೆ ಇಂಥ ಚುಕ್ಕೆಗಳೂ ಒಂದು ಕಾರಣ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್, ಕೀಲಿಮಣೆ ಚಟುವಟಿಕೆಯ ಸೋಗು ಹಾಕಿದರೆಂದು ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಿತು.

ಯಾಹೂ ಮೆಸೆಂಜರ್ ಕಾಲದ ಸೈಬರ್ ಕೆಫೆಗಳಲ್ಲಿ ಕೂತು ಬೆಳೆದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅಲ್ಲಿ ‘ಬ್ಯುಸಿ’, ‘ಊಟಕ್ಕೆ ಹೋಗಿದ್ದೇನೆ’, ‘ಫೋನಿನಲ್ಲಿದ್ದೇನೆ’ ಎಂಬ ಸಿದ್ಧ ಸ್ಥಿತಿಗಳಿದ್ದವು. ಎಲ್ಲರ ಕಣ್ಣು ತಪ್ಪಿಸಿ ಇನ್‌ವಿಸಿಬಲ್ ಆಗಿ ಕೂರುವ ದಾರಿಯೂ ಇತ್ತು. ಅರ್ಧದಷ್ಟು ಸುಳ್ಳೇ ಇರಬಹುದು, ಆದರೆ ಸುಳ್ಳು ಹೇಳುವವರು ನಾವಾಗಿದ್ದೆವು. ಬಝ್ ಒತ್ತಿ ಎದುರಿನವರ ಕಿಟಕಿಯನ್ನೇ ಗಡಗಡ ನಡುಗಿಸುವವರ ಕಾಟವಿತ್ತು, ಅದನ್ನು ನಿಲ್ಲಿಸುವ ಸೆಟ್ಟಿಂಗೂ ಇತ್ತು. 2018ರ ಜುಲೈ 17ರಂದು ಯಾಹೂ ಆ ಸೇವೆಯನ್ನೇ ಮುಚ್ಚಿತು.

ಹಾಗಾದರೆ ಇಂದು ನಮ್ಮ ಕೈಯಲ್ಲಿ ಉಳಿದಿರುವುದು ಏನು? ಮೊದಲು ಎಂಟರ್ ಕೀಲಿ. ಯುನಿಕ್ಸ್‌ನ ಹಳೆಯ ಟಾಕ್ ಪ್ರೋಗ್ರಾಮಿನಲ್ಲಿ ಕಳಿಸುವ ಮಾತೇ ಇರಲಿಲ್ಲ. ನೀವು ಒತ್ತಿದ ಒಂದೊಂದು ಅಕ್ಷರವೂ, ಅಳಿಸಿದ್ದೂ, ಆಗಿಂದಾಗಲೇ ಆಚೆಯವರ ಪರದೆಯಲ್ಲಿ ಕಾಣುತ್ತಿತ್ತು. ಈಗ ಎಂಟರ್ ಒತ್ತಿದರೆ ಹೋಯಿತು. ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಪತ್ರ ಟೈಪ್ ಮಾಡಿ ರೂಢಿಯಾದವರು ಹೊಸ ಸಾಲಿಗೆಂದು ಎಂಟರ್ ಒತ್ತಿ, ‘ಮಾನ್ಯರೇ’ ಎಂಬುದೊಂದನ್ನೇ ಕಳಿಸಿಬಿಡುತ್ತಾರೆ. ಅದಕ್ಕೆ ಪರಿಹಾರ ಸುಲಭ. ಟೆಲಿಗ್ರಾಮ್ ಡೆಸ್ಕ್‌ಟಾಪ್‌ನ ಚಾಟ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಂಟರ್ ಕೂಡಿ ಒತ್ತಿದರೆ ಮಾತ್ರ ಸಂದೇಶ ಹೋಗುವಂತೆ ಬದಲಿಸಬಹುದು. ಕಚೇರಿ ಚಾಟ್ ಸ್ಲ್ಯಾಕ್‌ನ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ವಿಭಾಗದಲ್ಲೂ ಅಂಥದ್ದೇ ಆಯ್ಕೆಯಿದೆ. ಏನನ್ನೂ ಬದಲಿಸಲು ಮನಸ್ಸಿಲ್ಲದವರಿಗೆ ಶಿಫ್ಟ್ ಹಿಡಿದು ಎಂಟರ್ ಒತ್ತುವ ಅಭ್ಯಾಸ ಬಹುತೇಕ ಎಲ್ಲೆಡೆ ನಡೆಯುತ್ತದೆ.

ಎರಡನೆಯದು, ಸಂದೇಶ ಓದಿದಿರೆಂದು ಸಾರುವ ಗುರುತು. ವಾಟ್ಸ್ಆ್ಯಪ್ ಆ ನೀಲಿ ಟಿಕ್ ತಂದದ್ದು 2014ರ ನವೆಂಬರಿನಲ್ಲಿ. ಗದ್ದಲ ಎದ್ದ ಮೇಲೆ ಅದನ್ನು ಆಫ್ ಮಾಡುವ ಆಯ್ಕೆಯನ್ನೂ ಕೊಟ್ಟಿತು. ನಿಮ್ಮದು ಆಫ್ ಮಾಡಿದರೆ ಬೇರೆಯವರದ್ದೂ ನಿಮಗೆ ಕಾಣುವುದಿಲ್ಲ, ನ್ಯಾಯವಾದ ಒಪ್ಪಂದ. ಗುಂಪುಗಳಲ್ಲಿ ಮಾತ್ರ ಅದು ನಡೆಯದು. ಆನ್‌ಲೈನ್ ಇರುವುದನ್ನು ಮರೆಮಾಡುವ ಆಯ್ಕೆಗೆ 2022ರವರೆಗೆ ಕಾಯಬೇಕಾಯಿತು.

ಮೂಲೆಯಲ್ಲಿ ಪುಟಿದೇಳುವ ಸೂಚನೆಯ ಬಗ್ಗೆ ನಾನು ಕಟುವಾಗಿದ್ದೇನೆ: ಶಬ್ದವೂ ಬೇಡ, ಸಂದೇಶದ ಮುನ್ನೋಟವೂ ಬೇಡ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುನಡುವೆ ಅಡ್ಡಿಯಾದವರು ಕೆಲಸವನ್ನು ಬೇಗನೇ ಮುಗಿಸಿದರು, ಆದರೆ ಹೆಚ್ಚು ಒತ್ತಡ ಅನುಭವಿಸಿದರು. ಅಡ್ಡಿ ಸಮಯ ತಿನ್ನುತ್ತದೆ ಎಂದಷ್ಟೇ ತಿಳಿದಿದ್ದವರಿಗೆ ಇದು ಅನಿರೀಕ್ಷಿತ. ಅಮೆರಿಕದ ಹಗಲಿಗೆ ಹೊಂದಿಕೊಂಡು ದುಡಿಯುವ ಬೆಂಗಳೂರಿನವರು ಸ್ಲ್ಯಾಕ್‌ನಲ್ಲಿರುವ ಸೂಚನೆಯ ವೇಳಾಪಟ್ಟಿಯನ್ನು ಮೊದಲ ದಿನವೇ ತುಂಬಿಸಿಬಿಡುವುದು ಒಳ್ಳೆಯದು. ಅದಿಲ್ಲದಿದ್ದರೆ ರಾತ್ರಿ ಎರಡಕ್ಕೂ ಯಾರೋ ‘ಹಾಯ್’ ಎನ್ನುತ್ತಾರೆ, ಬರೀ ಹಾಯ್, ಮುಂದೇನೂ ಇಲ್ಲ.

ಕೊನೆಗೆ, ಕಿಟಕಿ ಮುಚ್ಚುವ ‘×’ ಗುರುತು. ಅದನ್ನು ಒತ್ತಿದರೆ ಚಾಟ್ ಮುಚ್ಚಿತೆಂದು ನಂಬಬೇಡಿ. ಅನೇಕ ತಂತ್ರಾಂಶಗಳು ಗಡಿಯಾರದ ಪಕ್ಕದ ಟ್ರೇಯಲ್ಲಿ ಅಡಗಿ ಕೂತಿರುತ್ತವೆ, ಕಂಪ್ಯೂಟರ್ ಜೊತೆಗೇ ಏಳುತ್ತವೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟ್‌ಅಪ್ ಪಟ್ಟಿ ತೆರೆದು ಅಲ್ಲಿಯೇ ನಿಷ್ಕ್ರಿಯಗೊಳಿಸಬಹುದು. ವಿಂಡೋಸ್ 11ರಲ್ಲಿ ಪರದೆಯನ್ನು ಪ್ರೊಜೆಕ್ಟರಿಗೆ ನಕಲು ಮಾಡಿದಾಗ ಸೂಚನೆಗಳು ತಾವಾಗಿ ಸುಮ್ಮನಾಗುವಂತೆ ಮಾಡುವ ಆಯ್ಕೆಯೂ ಇದೆ. ಮೀಟಿಂಗ್ ಮಧ್ಯೆ ಮಾವನ ಮನೆಯ ಗುಂಪಿನ ಸಂದೇಶ ಗೋಡೆಯಗಲ ಮೂಡುವ ಮುಂಚೆ, ಅದು ಆನ್ ಇದೆಯೇ ಎಂದು ನೋಡಿಟ್ಟುಕೊಳ್ಳಿ.