ಎಳೆಗೂಸಿನ ಜ್ವರವನ್ನು ಅಳೆಯುವ ಬಗೆ

ಮಗುವಿನ ಹಣೆಯನ್ನು ಮುಟ್ಟಿ ಮೈ ಕಾದಿದೆಯೆಂದು ಹೇಳುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಆದರೆ ಕೈಯು ಸಂಶಯವನ್ನು ಹುಟ್ಟಿಸಬಲ್ಲದೇ ಹೊರತು ನಿರ್ಣಯವನ್ನು ಹೇಳಲಾರದು. ತಣ್ಣೀರಿನಲ್ಲಿ ಕೈಯಾಡಿಸಿ ಬಂದವರಿಗೆ ಸ್ವಸ್ಥವಾದ ಕೂಸೂ ಸುಡುವಂತೆ ತೋರುವುದು. ಒಲೆಯ ಮುಂದಿನಿಂದೆದ್ದವರಿಗೆ ಜ್ವರದ ಕೂಸೂ ತಂಪೆನಿಸುವುದು. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದುಂಟು. ಮಸ್ಕಿ, ಸಿಂಧನೂರುಗಳ ಕಡೆಯ ವಳಕಮದಿನ್ನಿಯಂತಹ ಹಳ್ಳಿಗಳಲ್ಲಿ ಆ ದಿನಗಳಂದು ಬರಿಯ ಕೈಯನ್ನು ನಂಬುವುದು ಇನ್ನೂ ಕಷ್ಟ.

ಆದುದರಿಂದ ಪ್ರತಿ ಮನೆಯಲ್ಲಿಯೂ ಒಂದು ಡಿಜಿಟಲ್ ಥರ್ಮಾಮೀಟರು ಇರತಕ್ಕದ್ದು. ಪಾದರಸದ ಗಾಜಿನ ಕಡ್ಡಿಯು ಒಡೆದರೆ ಅದರ ಆವಿ ವಿಷಕರವಾದುದು. ಮಕ್ಕಳಿರುವ ಮನೆಗೆ ಅದು ತಕ್ಕುದಲ್ಲ.

ಅಳೆಯುವ ಕ್ರಮ ಸುಲಭವಾದುದು. ಬಿಸಿಲಿನಿಂದ ಬಂದ, ಸ್ನಾನ ಮಾಡಿಸಿದ, ಇಲ್ಲವೆ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿದ್ದ ಮಗುವನ್ನು ನೆರಳಿನಲ್ಲಿ ತೆಳುವಾದ ಬಟ್ಟೆಯಲ್ಲಿಟ್ಟು ಕಾಲು ಗಂಟೆ ಕಾಯಬೇಕು. ಥರ್ಮಾಮೀಟರಿನ ತುದಿಯನ್ನು ಸಾಬೂನಿನಿಂದ ತೊಳೆದು, ಕಂಕುಳಿನ ಬೆವರನ್ನು ಒರೆಸಿ, ತುದಿಯನ್ನು ಕಂಕುಳಿನ ನಡುವೆ ಚರ್ಮಕ್ಕೆ ತಾಗುವಂತಿಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿಯಬೇಕು. ಸದ್ದಾಗುವವರೆಗೆ ಕದಲಿಸಬಾರದು. ಎಳೆಯ ಮಕ್ಕಳ ಬಾಯಲ್ಲಿ ಇಡಬಾರದು. ಕಂಡ ಅಂಕಿಗೆ ಏನನ್ನೂ ಕೂಡಿಸದೆ, ಕಳೆಯದೆ, ಹೊತ್ತಿನೊಡನೆ ಬರೆದಿಟ್ಟರೆ ವೈದ್ಯರಿಗೆ ಬಹಳ ಉಪಕಾರವಾಗುವುದು.

ಮೂರು ತಿಂಗಳು ತುಂಬದ ಕೂಸಿನ ಕಂಕುಳಿನಲ್ಲಿ 37.5 ಡಿಗ್ರಿ, ಎಂದರೆ ಫ್ಯಾರನ್‌ಹೀಟಿನ 99.5, ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ವೈದ್ಯರಲ್ಲಿಗೆ ಒಯ್ಯಬೇಕು. ಆ ವಯಸ್ಸಿನಲ್ಲಿ ರಕ್ತಕ್ಕೆ ನಂಜೇರಿದರೂ ಜ್ವರದ ಹೊರತು ಬೇರೆ ಗುರುತು ಕಾಣದಿರಬಹುದು. ಅನೇಕರು ಅರಿಯದ ಇನ್ನೊಂದು ಮಾತುಂಟು: ಮೈ ತಣ್ಣಗಾಗುವುದೂ ಅಷ್ಟೇ ಅಪಾಯಕರ. 35.5 ಡಿಗ್ರಿಗಿಂತ ಕಡಿಮೆಯಿದ್ದರೆ ಕೂಸನ್ನು ತಾಯಿಯ ಎದೆಗೆ ಮೈತಾಗುವಂತೆ ಅಪ್ಪಿಸಿಕೊಂಡೇ ಆಸ್ಪತ್ರೆಗೆ ಹೊರಡಬೇಕು.

ದೊಡ್ಡ ಮಕ್ಕಳಲ್ಲಿ ಅಂಕಿಯೊಂದನ್ನೇ ನೆಚ್ಚಬಾರದು. ಮಗು ಹಾಲು ನೀರು ಬಿಟ್ಟರೆ, ಮಂಕಾಗಿ ಬಿದ್ದಿದ್ದರೆ, ಉಸಿರು ವೇಗವಾದರೆ, ಸೆಳವು ಬಂದರೆ, ಜ್ವರ ಎಷ್ಟೇ ಇರಲಿ, ವೈದ್ಯರನ್ನು ಕಾಣಲೇಬೇಕು.

2011ರಿಂದ ನಡೆದುಬಂದಿರುವ ನವಜಾತ ಶಿಶುಗಳ ಗೃಹಾರೈಕೆಯ ಏರ್ಪಾಡಿನಲ್ಲಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಂದು ಕೂಸಿನ ಶಾಖವನ್ನು ಅಳೆಯುವಳು. ಆಗ ಮನೆಯ ಹಿರಿಯರೂ ಹತ್ತಿರ ಕುಳಿತು ಆ ಕ್ರಮವನ್ನು ನೋಡಿ ಕಲಿಯಬೇಕೆಂದು ನಮ್ಮ ವಾಚಕರಲ್ಲಿ ಬಿನ್ನವಿಸುವೆವು. ನಡುರಾತ್ರಿಯಲ್ಲಿ ಮಗು ಕನವರಿಸಿದಾಗ ಆ ಕಲಿಕೆಯೇ ಕೈಗೆ ಬರುವುದು.